ಇನ್ನೊಂದೆಲ್ಲಿ?

ಜೂನ್ 3

ನನ್ನ ಬಾಲಕ್ಕೆ,

ಸುದ್ದಿ ಒಂದಲ್ಲ, ಎರಡು. ಎರಡೂ ಹೆಣ್ಣು. ಮಗಳಿಗೆ ಮೊನ್ನೆ ಬೆಳಿಗ್ಗೆ ಹೆರಿಗೆಯಾಯಿತು. ಮೊದಲನೆಯದು ಎರಡು ಕಿಲೋ ಮುನ್ನೂರು ಗ್ರಾಂ, ಎರಡನೆಯದು ಎರಡು ಕಿಲೋ ಇನ್ನೂರ ಅರವತ್ತು. ಇದು ಆಸ್ಪತ್ರೆಯ ತಕ್ಕಡಿ ಹೇಳಿದ ಮಾತು. ಅದರ ಮುಳ್ಳು ಖಾಲಿಯಿದ್ದಾಗಲೂ ನೆಟ್ಟಗೆ ನಿಲ್ಲುವುದಿಲ್ಲ. ನರ್ಸಿಗೆ ಹೇಳಿದೆ. "ಯಜಮಾನ್ರೇ, ಹೊರಗೆ ಕೂತ್ಕೊಳ್ಳಿ" ಅಂದಳು. ಮೂವತ್ತೇಳು ವರ್ಷ ತಕ್ಕಡಿ ರಿಪೇರಿ ಮಾಡಿದವನಿಗೆ ಸಿಗುವ ಮರ್ಯಾದೆ ಇಷ್ಟು.

ತಾಯಿ ಮಕ್ಕಳು ಕ್ಷೇಮ. ಇಬ್ಬರ ನಡುವೆ ಏಳು ನಿಮಿಷದ ಅಂತರ. ನಮ್ಮ ಹನ್ನೊಂದು ನಿಮಿಷದ ದಾಖಲೆ ಭದ್ರವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಜನನ ನೋಂದಣಿ ಕಚೇರಿಯ ಫಾರಂನಲ್ಲಿ ಹೆಸರಿನ ಎರಡು ಸಾಲು ಖಾಲಿ ಇವೆ. ಆಗಸ್ಟ್ ಹತ್ತೊಂಬತ್ತರೊಳಗೆ ತುಂಬಬೇಕು. ಮಗಳು ಮಲಗಿದಲ್ಲಿಂದಲೇ ತೀರ್ಪು ಕೊಟ್ಟಳು. "ಅಪ್ಪ, ಹೆಸರು ನೀನೂ ಅತ್ತೆನೂ ಸೇರಿ ಇಡಿ. ಅವಳಿ ಆಗಿರೋದು ಅಂದ್ರೆ ಏನು ಅಂತ ನಮ್ಮನೇಲಿ ನಿಮ್ಮಿಬ್ಬರಿಗೇ ಗೊತ್ತಿರೋದು. ಅತ್ತೆ ಬರ್ಲೇಬೇಕು, ಬಂದು ಅವರ ಕೈಯಾರೆ ಫಾರಂ ತುಂಬಬೇಕು."

ಅಳಿಯ ಬಸ್ ಕಂಡಕ್ಟರ್ ಅಲ್ಲವೇ, ಎರಡೂ ಹೆಸರು ಒಂದೇ ಉಸಿರಿನಲ್ಲಿ, ನಡುವೆ ಸ್ಟಾಪ್ ಕೊಡದೆ ಕೂಗುವಂತಿರಬೇಕಂತೆ. 'ರಚನಾ–ಸೂಚನಾ' ಅಂದ. ನಿನ್ನ ಅತ್ತಿಗೆ 'ಛಾಯಾ–ಮಾಯಾ' ಅಂದಳು. ನಾನು 'ಸ್ಮಿತಾ–ಸುಸ್ಮಿತಾ' ಎಂದು ಬರೆದಿಟ್ಟಿದ್ದೇನೆ. ತಕ್ಕಡಿಯ ತಟ್ಟೆಗಳ ಹಾಗಿರಬೇಕು ಕಣೇ. ಒಂದೇ ತಗಡಿನಲ್ಲಿ ಕತ್ತರಿಸಿದ ಜೋಡಿ. ಒಂದು ಕಳೆದರೆ ಇನ್ನೊಂದು ಯಾರ ಕೆಲಸಕ್ಕೂ ಬರಬಾರದು.

ನಮ್ಮ ಬೀದಿ ನೆನಪಿದೆಯಾ? ಯಾರಾದರೂ ನಮ್ಮನ್ನು ಒಂಟಿ ಹೆಸರಿನಲ್ಲಿ ಕರೆದದ್ದುಂಟೇ? ನನ್ನ ಹೆಸರು ಮುಂದೆ, ನಿನ್ನದು ಬಾಲದ ಹಾಗೆ ಹಿಂದೆ. ನಾನೊಬ್ಬನೇ ಹೋದರೆ ಟೈಲರ್ ತಾತ ಕತ್ತರಿ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದ: "ಇನ್ನೊಂದೆಲ್ಲಿ?" ಆ ಮಾತು ಕೇಳಿ ಎಷ್ಟು ಕಾಲವಾಯಿತು! ಈ ಊರಿನಲ್ಲಿ ನನ್ನನ್ನು ಹಾಗೆ ಕೇಳುವವರೇ ಇಲ್ಲ.

ಬೇಗ ಬರೆ. ಬರುವ ದಿನ ತಿಳಿಸು.

ನಿನ್ನ ಹನ್ನೊಂದು ನಿಮಿಷದ ಅಣ್ಣ

*

ಜೂನ್ 15

ಅಣ್ಣನಿಗೆ,

ಸುದ್ದಿ ಓದಿ ಸಂತೋಷವಾಯಿತು. ನಿನ್ನ ಮಗಳಿಗೆ ಚೆನ್ನಾಗಿ ನಿದ್ದೆ ಮಾಡಲು ಬಿಡಿ. ನೀನು ಆಸ್ಪತ್ರೆಯ ತಕ್ಕಡಿ ಮುಟ್ಟಬೇಡ.

ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಿ ಕೂಗುತ್ತಿದ್ದೇನೆ. ಹನ್ನೊಂದು ಜೋಡಿ ಅವಳಿಗಳು ನನ್ನ ತರಗತಿಯಲ್ಲಿ ಕೂತು ಹೋಗಿದ್ದಾರೆ. ಆದ್ದರಿಂದ ಹೇಳುತ್ತೇನೆ. 'ಸೂಚನಾ' ಎಂದು ಇಟ್ಟರೆ ಮೊದಲನೇ ದಿನವೇ ಮಕ್ಕಳು ಆ ಹುಡುಗಿಯನ್ನು ಸೂಚನಾ ಫಲಕ ಮಾಡಿ ಗೋಡೆಗೆ ನಿಲ್ಲಿಸುತ್ತಾರೆ. 'ಛಾಯಾ–ಮಾಯಾ': ಒಬ್ಬಳು ನೆರಳು, ಇನ್ನೊಬ್ಬಳು ಇಲ್ಲವೇ ಇಲ್ಲ. ನಿನ್ನ ಜೋಡಿಯಲ್ಲಿ ಒಂದರೊಳಗೆ ಇನ್ನೊಂದು ಕೂತಿದೆ. ದೊಡ್ಡದನ್ನು ಕೂಗಿದರೆ ಚಿಕ್ಕದೂ ಎದ್ದು ನಿಲ್ಲುತ್ತದೆ. ದೊಡ್ಡದಕ್ಕೆ ತನ್ನದು ಎಂದು ಉಳಿಯುವುದು ಒಂದು 'ಸು' ಮಾತ್ರ.

ಒಂದು ವರ್ಷ ಪ್ರಾಸದ ಹೆಸರಿನ ಅವಳಿ ಅಣ್ಣ ತಂಗಿ ಇದ್ದರು. ಅಣ್ಣನಿಗೆ ಜ್ವರ ಬಂದು ಎರಡು ವಾರ ಬರಲಿಲ್ಲ. ತಂಗಿಯ ಹೆಸರು ಕೂಗಿದ ಕೂಡಲೇ ಇಡೀ ತರಗತಿ ಅಣ್ಣನ ಹೆಸರನ್ನು ಕೋರಸ್ಸಿನಲ್ಲಿ ಸೇರಿಸುತ್ತಿತ್ತು. ಅವಕ್ಕೆ ಅದು ಆಟ. ಆ ಹುಡುಗಿ ಅಷ್ಟು ದಿನವೂ "ಹಾಜರ್" ಎನ್ನಲಿಲ್ಲ. ಕೂತಲ್ಲೇ ಕೂತಿದ್ದಳು. ನಾನೇ ಹಾಜರಿ ಹಾಕಿಕೊಂಡೆ.

ಬರುವುದು ಕಷ್ಟ. ಶಾಲೆ ಈಗಷ್ಟೇ ತೆರೆದಿದೆ. ಹೆಸರು ನೀವೇ ಆರಿಸಿ. ಜೋಡಿ ಹೆಸರು ಮಾತ್ರ ಬೇಡ.

ತಂಗಿ

*

ಜೂನ್ 26

ನನ್ನ ಬಾಲಕ್ಕೆ,

ಜೋಡಿ ಬೇಡವಂತೆ! ಅವಳಿಗಳಿಗೆ ಜೋಡಿ ಬೇಡದಿದ್ದರೆ ಇನ್ಯಾರಿಗೆ ಬೇಕು, ಚಪ್ಪಲಿಗಾ?

ನಿನ್ನ ಕಾಗದವನ್ನು ಮನೆಯವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. 'ಸೂಚನಾ ಫಲಕ'ಕ್ಕೆ ಮಗಳು ಹೊಲಿಗೆ ಬಿಟ್ಟುಹೋಗುವಷ್ಟು ನಕ್ಕಳು. ಅಳಿಯ ಮಾತ್ರ ಮುಖ ಊದಿಸಿಕೊಂಡು ಡ್ಯೂಟಿಗೆ ಹೋದ.

ನಮ್ಮ ಕಸುಬಿನಲ್ಲಿ ಒಂದು ಪರೀಕ್ಷೆ ಇದೆ. ತಕ್ಕಡಿ ನಿಜ ಹೇಳುತ್ತಿದೆಯೇ ಎಂದು ನೋಡಲು ಸಾಮಾನನ್ನೂ ತೂಕದ ಬಟ್ಟನ್ನೂ ಅದಲುಬದಲು ಮಾಡಿ ಇನ್ನೊಮ್ಮೆ ತೂಗುತ್ತೇವೆ. ಆಗಲೂ ಮುಳ್ಳು ಕದಲದಿದ್ದರೆ ಸಾಚಾ. ಹೆಸರಿಗೂ ಅದನ್ನೇ ಮಾಡಿದೆ. ಅಂಗಡಿ ಬಾಗಿಲಲ್ಲಿ ನಿಂತು 'ಉಷಾ–ಸಂಧ್ಯಾ' ಎಂದು ಕೂಗಿದೆ, ಆಮೇಲೆ ತಿರುಗಿಸಿ 'ಸಂಧ್ಯಾ–ಉಷಾ' ಎಂದು ಕೂಗಿದೆ. ಸಂಜೆ ಮೊದಲು ಬಂದು ಬೆಳಗು ಆಮೇಲೆ ಬಂತು, ದಿನವೇ ಮಗುಚಿಕೊಂಡಿತು. ಹೊಡೆದು ಹಾಕಿದೆ. 'ಭೂಮಿ–ಗಗನಾ' ಕೂಗಿದೆ. ಹೇಗೆ ತಿರುಗಿಸಿದರೂ ಒಬ್ಬಳು ಜೀವನವಿಡೀ ಕೆಳಗೆ. ಅದನ್ನೂ ಹೊಡೆದು ಹಾಕಿದೆ. ನಿನ್ನ ಅತ್ತಿಗೆ ಊಟದ ಡಬ್ಬಿ ತಂದವಳು, "ಹೆಸರಿಡ್ತಿದೀರೋ, ಹರಾಜು ಕೂಗ್ತಿದೀರೋ?" ಅಂದಳು.

ಅವಳು ಹೋದ ಮೇಲೆ, ನಿನಗೆ ಮಾತ್ರ ಹೇಳುತ್ತೇನೆ, ನಮ್ಮ ಹೆಸರನ್ನೂ ತಿರುಗಿಸಿ ಕೂಗಿ ನೋಡಿದೆ. ನಿನ್ನದು ಮೊದಲು, ನನ್ನದು ಹಿಂದೆ. ಐವತ್ತೇಳು ವರ್ಷದಲ್ಲಿ ಮೊದಲ ಸಲ. ಎದುರು ಅಂಗಡಿಯ ಬೀಗದವನು ಹೊರಗೆ ಬಂದು, "ಯಾರು ಕಳೆದುಹೋದ್ರು ಮಾರಾಯ, ಬೆಳಗ್ಗೆಯಿಂದ ಕೂಗ್ತಾ ಇದೀಯ?" ಅಂದ. "ಯಾರೂ ಇಲ್ಲ ಬಿಡಯ್ಯಾ" ಅಂದೆ.

ಒಂಬತ್ತು ವರ್ಷದ ಹಿಂದೆ ಅಮ್ಮನ ಮನೆ ಖಾಲಿ ಮಾಡಿದಾಗ ಅವಳು ನೂಲು ತೂಗುತ್ತಿದ್ದ ತಕ್ಕಡಿಯನ್ನು ಪಾಲು ಮಾಡಿಕೊಂಡೆವಲ್ಲ, ದಂಡವೂ ಒಂದು ತಟ್ಟೆಯೂ ನನಗೆ, ಒಂದು ತಟ್ಟೆ ನಿನಗೆ. ಬರುವಾಗ ಅದನ್ನು ತಾ. ಹೊಸ ಸರಪಳಿ ಹಾಕಿ ಅಂಗಡಿಯಲ್ಲಿ ತೂಗುಹಾಕುತ್ತೇನೆ. ಒಂಟಿ ತಟ್ಟೆಯನ್ನು ಇಟ್ಟುಕೊಂಡು ನೀನು ಅದರಲ್ಲಿ ಏನು ಮಾಡುತ್ತೀಯೋ ಕಾಣೆ.

ಬರುವುದಿಲ್ಲ ಎಂಬ ಮಾತನ್ನು ನಾನು ಓದಿಲ್ಲ. ಆ ಸಾಲಿನ ಮೇಲೆ ಟೀ ಚೆಲ್ಲಿತು.

ನಿನ್ನ ಅಣ್ಣ

*

ಜುಲೈ 16

ಬಾಲವೇ,

ಇಪ್ಪತ್ತು ದಿನವಾಯಿತು. ಪೋಸ್ಟ್‌ಮ್ಯಾನ್ ನನ್ನ ಅಂಗಡಿ ದಾಟುವಾಗ ತಾನೇ ತಲೆ ಅಲ್ಲಾಡಿಸಿಕೊಂಡು ಹೋಗುತ್ತಾನೆ, ನಾನು ಕೇಳುವ ತೊಂದರೆ ತೆಗೆದುಕೊಳ್ಳಬಾರದೆಂದು.

ನಿನಗೆ ರಜೆ ಕೇಳಲು ಸಂಕೋಚವಿರಬೇಕು. ಚಿಕ್ಕಂದಿನಲ್ಲೂ ನೀನು ಹಾಗೆಯೇ. ಎರಡನೇ ಸಲ ಬಡಿಸಿ ಎಂದು ನಿನ್ನ ಪರವಾಗಿ ನಾನೇ ಕೇಳಬೇಕಿತ್ತು. ಹಾಗಾಗಿ ಚಿಂತೆ ಬಿಡು. ನಿನ್ನ ಹೆಡ್‌ಮಾಸ್ಟರಿಗೆ ಇವತ್ತೇ ಒಂದು ಕಾಗದ ಹಾಕಿದ್ದೇನೆ. ನಾನು ಇಂಥವನು, ನಿಮ್ಮ ಟೀಚರ್ ನನ್ನ ಒಡಹುಟ್ಟು, ಅದೂ ಅವಳಿ, ಮೊಮ್ಮಕ್ಕಳ ಹೆಸರಿಗಾಗಿ ನಾಲ್ಕು ದಿನ ಬಿಟ್ಟುಕೊಡಿ ಎಂದು. ಶಾಲೆಯ ವಿಜ್ಞಾನದ ಕೋಣೆಯಲ್ಲಿ ತಕ್ಕಡಿಗಳಿದ್ದರೆ ಬಂದು ಸರಿ ಮಾಡಿಕೊಡುತ್ತೇನೆಂದೂ ಸೇರಿಸಿದೆ. ಇನ್ನು ಹೇಗೆ ಇಲ್ಲವೆನ್ನುತ್ತಾರೆ ನೋಡೋಣ.

ಅಣ್ಣ

*

ಜುಲೈ 22

ಹೆಡ್‌ಮಾಸ್ಟರಿಗೆ ಯಾಕೆ ಬರೆದೆ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಅವರಿಂದ ಉತ್ತರ ಬಂದರೆ ಒಡೆಯಬೇಡ. ಹರಿದು ಹಾಕು. ನನ್ನಾಣೆ.

*

ಜುಲೈ 27

ಸನ್ಮಾನ್ಯ ಟೀಚರ್ ಅವರಿಗೆ,

ನಿಮ್ಮ ಆಣೆಯ ಕಾಗದ ಸೋಮವಾರ ತಲುಪಿತು. ಹೆಡ್‌ಮಾಸ್ಟರರ ಕಾಗದ ಶನಿವಾರವೇ ತಲುಪಿತ್ತು. ನಿಮಗೆ ಪ್ರತಿ ಬೇಕಾಗಬಹುದೆಂದು ಇಲ್ಲಿ ಇಳಿಸಿದ್ದೇನೆ:

"ಮಾನ್ಯರೇ, ತಮ್ಮ ಪತ್ರ ತಲುಪಿದೆ. ತಾವು ಹೇಳಿದ ಶಿಕ್ಷಕಿಯವರು ನಮ್ಮಲ್ಲಿ ಇರುವುದು ನಿಜ. ಆದರೆ ಅವರ ಸೇವಾ ಪುಸ್ತಕದಲ್ಲಿ ಒಡಹುಟ್ಟಿದವರು ಎಂಬಲ್ಲಿ 'ಇಲ್ಲ' ಎಂದಿದೆ. ಅವರನ್ನೇ ವಿಚಾರಿಸಲಾಗಿ, ತಮಗೆ ಅಣ್ಣತಮ್ಮಂದಿರು ಯಾರೂ ಇಲ್ಲವೆಂದು ತಿಳಿಸಿದ್ದಾರೆ. ವಿಳಾಸ ತಪ್ಪಿರಬಹುದು. ನಮ್ಮಲ್ಲಿ ತಕ್ಕಡಿಗಳು ಎರಡಿದ್ದು, ಸುಸ್ಥಿತಿಯಲ್ಲಿವೆ."

ಎರಡು ಸಲ ಓದಿದೆ. ಬೀಗದವನ ಕೈಲೂ ಓದಿಸಿದೆ, ನನ್ನ ಕಣ್ಣು ಕೆಟ್ಟಿರಬಹುದೆಂದು. ಅವನು ಓದಿ, ಮಡಿಚಿ ಕೊಟ್ಟು, ತನ್ನ ದುಡ್ಡಿನಲ್ಲಿ ನನಗೆ ಟೀ ತರಿಸಿಕೊಟ್ಟ. ಅವನು ದುಡ್ಡು ಬಿಚ್ಚಿದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಸತ್ತವರ ಹೆಸರನ್ನೂ ಜನ 'ದಿವಂಗತ' ಎಂದು ಬರೆದು ಉಳಿಸಿಕೊಳ್ಳುತ್ತಾರೆ. ನಾನು ಅಷ್ಟಕ್ಕೂ ಬೇಡವಾದೆನಲ್ಲ. ಏನು ತಪ್ಪು ಮಾಡಿದೆ ಎಂದು ತಿಳಿಸುವ ಕೃಪೆ ಮಾಡಬೇಕು. ಮಗಳಿಗೆ ಇನ್ನೂ ಹೇಳಿಲ್ಲ. ಅತ್ತೆ ಯಾವತ್ತು ಬರ್ತಾರೆ ಎಂದು ದಿನಾ ಕೇಳುತ್ತಾಳೆ.

ಇಂತಿ,
ತಕ್ಕಡಿ ರಿಪೇರಿಯವನು

*

ಆಗಸ್ಟ್ 2

ಅಣ್ಣ,

ಹೌದು, ಇಲ್ಲ ಎಂದೆ. ಹೆಡ್‌ಮಾಸ್ಟರ್ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ನಿನ್ನ ಕಾಗದ ಓದಿದರು. "ಮೇಡಂ, ಯಾರೋ ನಿಮಗೆ ಅಣ್ಣ ಹುಟ್ಕೊಂಡಿದಾನೆ ನೋಡಿ, ತಕ್ಕಡಿ ಬೇರೆ ರಿಪೇರಿ ಮಾಡ್ತಾನಂತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಆ ನಗುವನ್ನು ನೆನೆಸಿಕೊಂಡೆ. ಅದಕ್ಕಿಂತ ಹೆಚ್ಚು ಏನು ಬರೆಯಲಿ?

ಕಾರಣ ಕೇಳಿದ್ದೀಯ. ನೀನು ಇಪ್ಪತ್ತನೇ ವಯಸ್ಸಿಗೆ ಕಸುಬು ಕಲಿಯಲು ಹೊರಟಾಗ ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದೆ, "ಆರು ತಿಂಗಳು ಕಣೇ, ಕರೆಸ್ಕೋತೀನಿ." ನಾನು ಆ ವಾರವೇ ಟ್ರಂಕು ತುಂಬಿದೆ. ನಿನ್ನ ಕಾಗದ ಬಂತು: ಕೋಣೆ ಸಿಕ್ಕಿದೆ, ದೊಡ್ಡದು, ಬೀದಿಗೆ ತೆರೆಯುವ ಕಿಟಕಿ ಇದೆ, ಕೂತರೆ ಇಡೀ ಪೇಟೆ ಕಾಣುತ್ತದೆ ಎಂದು. ಮುಂದಿನ ತಿಂಗಳು ಕರೆಸುತ್ತೇನೆ ಎಂದು. ಅದರ ಮುಂದಿನ ಕಾಗದದಲ್ಲೂ ಕಿಟಕಿ, ಮುಂದಿನ ತಿಂಗಳು. ಟ್ರಂಕಿನಿಂದ ದಿನಾ ಉಡುವ ಬಟ್ಟೆ ತೆಗೆದು, ಒಗೆದು, ಮತ್ತೆ ಅದರೊಳಗೇ ಇಡುತ್ತಿದ್ದೆ. ಹಾಗೆ ಒಂದು ವರ್ಷ ನಾಲ್ಕು ತಿಂಗಳು.

ನಿನಗೆ ಇಷ್ಟವಾದ ಆ ಮಾತು ಇದೆಯಲ್ಲ, ಇನ್ನೊಂದೆಲ್ಲಿ. ನೀನು ಹೋದ ಮೇಲೆ ಅದನ್ನು ದಿನಾ ಕೇಳಿಸಿಕೊಂಡವಳು ನಾನು. ನಲ್ಲಿಯ ಹತ್ತಿರ, ಟೈಲರ್ ತಾತನ ಅಂಗಡಿಯ ಮುಂದೆ, ಹಾಲಿನ ಸಾಲಿನಲ್ಲಿ. ಬರುವ ತಿಂಗಳು ಹೋಗ್ತೀನಿ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಯಿತು. ಜನ ನನ್ನ ಹೆಸರು ಕರೆದು ಬಾಯಿ ಸ್ವಲ್ಪ ತೆರೆದೇ ಇರುತ್ತಿದ್ದರು, ನಿನ್ನ ಹೆಸರಿನ ಅಭ್ಯಾಸಕ್ಕೆ. ಆಮೇಲೆ ನೆನಪಾಗಿ ಮುಚ್ಚಿಕೊಳ್ಳುತ್ತಿದ್ದರು. ಆ ತೆರೆದ ಬಾಯಿಯನ್ನು ನೋಡುವುದು ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ನೀನು ಹೋದ ಊರಿನಲ್ಲಿ ನಿನ್ನ ಹೆಸರು ಮೊದಲ ದಿನದಿಂದಲೇ ಪೂರ್ತಿಯಾಗಿತ್ತು.

ಈ ಊರಿಗೆ ಕೆಲಸಕ್ಕೆ ಬಂದ ದಿನ ಗುಮಾಸ್ತರು ಒಡಹುಟ್ಟಿದವರೆಷ್ಟು ಎಂದು ಕೇಳಿದರು. ಒಬ್ಬ ಎಂದರೆ ಎಲ್ಲಿ ಎನ್ನುತ್ತಾರೆ. ಇಲ್ಲ ಎಂದೆ. ಅವರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಅಷ್ಟು ಸುಲಭವಾಗಿತ್ತು. ಅರ್ಧವಾಗಿ ಇರುವುದಕ್ಕಿಂತ ಒಂದಾಗಿ ಇರುವುದು ಹಗುರ, ಅಣ್ಣ.

ತಟ್ಟೆಯಲ್ಲಿ ಏನು ಮಾಡುತ್ತೀಯ ಎಂದು ನೀನು ಕೇಳಿದ್ದೆ. ಶಾಲೆಯ ಮೇಜಿನ ಮೇಲಿದೆ. ಸೀಮೆಸುಣ್ಣ ಇಡುತ್ತೇನೆ. ಯಾರೂ ಅದನ್ನು ತಕ್ಕಡಿಯದೆಂದು ಗುರುತಿಸಿಲ್ಲ.

ಆ ಮಕ್ಕಳಿಗೆ ಜೋಡಿ ಹೆಸರು ಇಡಬೇಡ. ಹೆಸರು ಇಟ್ಟ ಮೇಲೆ ಒಂದೊಂದನ್ನೇ ಕರೆದು ನೋಡು. ಕರೆದವರ ಬಾಯಿ ಮುಚ್ಚಿಕೊಳ್ಳಬೇಕು. ಅಷ್ಟೇ ಪರೀಕ್ಷೆ.

ನನಗೆ ಬರಲು ಮುಖವಿಲ್ಲ.

*

ಆಗಸ್ಟ್ 7

ನನ್ನ ಬಾಲಕ್ಕೆ,

ಕಿಟಕಿ ಇರಲಿಲ್ಲ.

ಕೋಣೆಯೇ ಇರಲಿಲ್ಲ. ಗುರುಗಳ ಅಂಗಡಿಯಲ್ಲಿ ಕೆಲಸದ ಮೇಜಿನ ಕೆಳಗೆ ಮಲಗುತ್ತಿದ್ದೆ. ತಲೆಯ ಹತ್ತಿರ ತೂಕದ ಬಟ್ಟುಗಳ ಪೆಟ್ಟಿಗೆ, ಕಾಲಿನ ಹತ್ತಿರ ಸೀಸ ಕಾಯಿಸುವ ಒಲೆ. ಪೂರ್ತಿ ಕಾಲು ಚಾಚಿದರೆ ಪಾದ ಬಾಗಿಲಿಗೆ ತಾಗುತ್ತಿತ್ತು. ನಾಲ್ಕು ವರ್ಷ. ಮೊದಲ ಕಾಗದ ಬರೆಯಲು ಕೂತಾಗ, ನೀನು ಓದಿ ಅಮ್ಮನಿಗೆ ಹೇಳುತ್ತೀಯಲ್ಲ ಎಂದು ಒಂದು ಕಿಟಕಿ ಇಟ್ಟೆ. ಉತ್ತರದಲ್ಲಿ ನೀನು ಅದರ ಬಗ್ಗೆಯೇ ಕೇಳಿದೆ, ಬೆಳಿಗ್ಗೆ ಬಿಸಿಲು ಬರುತ್ತಾ ಎಂದು. ಬರುತ್ತೆ ಎಂದೆ. ಆಮೇಲೆ ಆ ಕಿಟಕಿ ಇಲ್ಲದ ಜಾಗಕ್ಕೆ ನಿನ್ನನ್ನು ಹೇಗೆ ಕರೆಸಲಿ? ಮುಂದಿನ ತಿಂಗಳು ನಿಜವಾದದ್ದೊಂದು ಸಿಗುತ್ತದೆ ಎಂದುಕೊಳ್ಳುತ್ತಿದ್ದೆ. ಸಿಗುವಷ್ಟರಲ್ಲಿ ಹತ್ತು ಹನ್ನೆರಡು ವರ್ಷವಾಗಿ ನೀನು ಕೆಲಸಕ್ಕೆ ಸೇರಿದ್ದೆ, ನನಗೆ ಮದುವೆಯಾಗಿತ್ತು. ಬಾ ಎನ್ನುವ ಮಾತಿಗೆ ತುಕ್ಕು ಹಿಡಿದಿತ್ತು. ನಾನು ಎಷ್ಟು ವಾಚಾಳಿ ಎಂದು ಊರಿಗೆಲ್ಲ ಗೊತ್ತು. ಆ ಒಂದು ಮಾತಾಡಲು ಮೂವತ್ತೇಳು ವರ್ಷ ತೆಗೆದುಕೊಂಡೆ.

ನೀನು ಇಲ್ಲ ಎಂದದ್ದಕ್ಕೆ ಹತ್ತು ದಿನ ಉರಿದೆ. ನಿನ್ನ ಕಾಗದ ಬಂದ ಮೇಲೆ ನೆನಪಾಯಿತು, ಬೀಗದವನು ಕೇಳಿದಾಗ ನಾನು ಏನಂದೆ ಎಂದು. "ಯಾರೂ ಇಲ್ಲ ಬಿಡಯ್ಯಾ." ಯಾವ ಗುಮಾಸ್ತನೂ ಬರೆದುಕೊಳ್ಳಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇದು ಕಸುಬಿನದ್ದು. ಮೊದಲ ದಿನದಿಂದ ತಟ್ಟೆ ತಟ್ಟೆ ಎಂದು ಹಾಡಿದೆನಲ್ಲ, ನಾನು ತಪ್ಪು ಸಾಮಾನು ಹಿಡಿದುಕೊಂಡಿದ್ದೆ. ತಟ್ಟೆಗೆ ಜೋಡಿ ಬೇಕು. ಬಟ್ಟಿಗೆ ಬೇಡ. ಒಂದು ಕಿಲೋದ ಬಟ್ಟನ್ನು ಯಾವ ಊರಿನ ಯಾವ ತಕ್ಕಡಿಯಲ್ಲಿಟ್ಟರೂ ಅದು ಒಂದು ಕಿಲೋ. ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಒಂದನ್ನು ತೆಗೆದರೆ ಇನ್ನೊಂದರ ತೂಕ ಕಡಿಮೆಯಾಗುವುದಿಲ್ಲ. ನಾಲ್ಕು ವರ್ಷ ಅವುಗಳ ಪಕ್ಕದಲ್ಲೇ ತಲೆಯಿಟ್ಟು ಮಲಗಿದವನಿಗೆ ಇದು ಹೊಳೆಯಲಿಲ್ಲ ನೋಡು.

ಆದ್ದರಿಂದ ಹೀಗೆ ಮಾಡೋಣ. ದೊಡ್ಡವಳ ಹೆಸರು ನೀನು ಆರಿಸು. ಹೌದು, ದೊಡ್ಡವಳದೇ, ಮೊದಲನೇ ಸಾಲು ನಿನ್ನದು. ಚಿಕ್ಕವಳದು ನಾನು. ನಿನ್ನದು ಏನೆಂದು ನನಗೆ ಹೇಳಬೇಡ, ನನ್ನದನ್ನು ನಾನೂ ಹೇಳುವುದಿಲ್ಲ. ಕಚೇರಿಯ ಕೌಂಟರಿನಲ್ಲಿ ಒಬ್ಬರಾದ ಮೇಲೊಬ್ಬರು ಬರೆಯೋಣ. ಹೊಂದಿದರೆ ಹೊಂದಲಿ, ಬಿಟ್ಟರೆ ಬಿಡಲಿ. ಅಳಿಯ ಬೇಕಾದರೆ ನಡುವೆ ಒಂದು ಸ್ಟಾಪ್ ಕೊಡಲಿ.

ಮಗಳಿಗೆ ಎಲ್ಲ ಹೇಳಿದೆ. ಅವಳು ಅಂದದ್ದು ಇಷ್ಟೇ: "ಅತ್ತೆಗೆ ಕಿಟಕಿ ಇರೋ ಕೋಣೆ ಖಾಲಿ ಮಾಡ್ಸಪ್ಪ." ಮಾಡಿಸಿದ್ದೇನೆ. ಬಿಸಿಲು ಬರುತ್ತದೆ. ಈ ಸಲ ನೀನೇ ಬಂದು ನೋಡಿಕೊಳ್ಳಬಹುದು.

ನಿನ್ನ ಅಣ್ಣ

(ಹನ್ನೊಂದು ನಿಮಿಷದ ಮಾತು ಇನ್ನು ಎತ್ತುವುದಿಲ್ಲ.)

*

ಆಗಸ್ಟ್ 12

ಅಣ್ಣ,

ಟ್ರಂಕು ಹಳೆಯದಾಗಿ ಬೀಗ ಕೂರುತ್ತಿಲ್ಲ. ಹಗ್ಗ ಕಟ್ಟಿದ್ದೇನೆ. ತಟ್ಟೆಯನ್ನು ತೊಳೆದು ಸೀರೆಯ ನಡುವೆ ಇಟ್ಟಿದ್ದೇನೆ, ಆದರೂ ಅದರ ಗೀರುಗಳಲ್ಲಿ ಕೂತ ಸೀಮೆಸುಣ್ಣ ಹೋಗಿಲ್ಲ. ನಿನ್ನ ಮುಳ್ಳು ಅದನ್ನು ಹಿಡಿದುಬಿಡುತ್ತದೆ. ಆ ಬದಿ ಸ್ವಲ್ಪ ತಗ್ಗಿದರೆ ಇನ್ನೊಂದು ಬದಿಗೆ ಸೀಸ ಹಾಕಿ ಸರಿದೂಗಿಸಲು ಹೋಗಬೇಡ.

ಹೆಸರು ಆರಿಸಿದ್ದೇನೆ. ಖಾಲಿ ತರಗತಿಯಲ್ಲಿ ನಿಂತು ಒಂದು ಸಲ ಕೂಗಿ ನೋಡಿದೆ. ನನ್ನ ಬಾಯಿ ಮುಚ್ಚಿಕೊಂಡಿತು.

ನಿನ್ನೆ ಹೆಡ್‌ಮಾಸ್ಟರರ ಕೋಣೆಗೆ ರಜೆಯ ಅರ್ಜಿ ಹಿಡಿದುಕೊಂಡು ಹೋದೆ. ಸೇವಾ ಪುಸ್ತಕದಲ್ಲಿ ಒಂದು ತಿದ್ದುಪಡಿಯ ಅರ್ಜಿಯೂ ಜೊತೆಗಿತ್ತು. ಅವರು ಮೊದಲು ರಜೆಯದನ್ನು ಓದಿದರು.

"ಅಣ್ಣನ ಮೊಮ್ಮಕ್ಕಳಾ? ಯಾವ ಅಣ್ಣ ಮೇಡಂ?"

"ತಕ್ಕಡಿಯವರು, ಸರ್. ಅವತ್ತು ನಾನು ಸುಳ್ಳು ಹೇಳಿದೆ."

ಪಕ್ಕದ ಬೆಂಚಿನಲ್ಲಿ ಕೂತಿದ್ದ ಡ್ರಿಲ್ ಮಾಸ್ಟರು ಟೀ ಲೋಟ ಕೆಳಗಿಟ್ಟರು. ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. ಎರಡನೇ ಅರ್ಜಿಯನ್ನು ಓದಿದರು.

"ನೀವು ಅವಳಿನಾ ಮೇಡಂ? ಇಪ್ಪತ್ತಾರು ವರ್ಷದಿಂದ?"

"ಐವತ್ತೇಳು ವರ್ಷದಿಂದ, ಸರ್."

ಡ್ರಿಲ್ ಮಾಸ್ಟರು ನಕ್ಕರು. ಹೆಡ್‌ಮಾಸ್ಟರ್ ನಗಲಿಲ್ಲ. ಪೆನ್ನು ತೆಗೆದು, ರುಜು ಹಾಕುವ ಮೊದಲು ತಲೆ ಎತ್ತಿ ಕೇಳಿಯೇಬಿಟ್ಟರು, ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದನ್ನೇ.

"ಇನ್ನೊಬ್ಬರು ಎಲ್ಲಿ?"

"ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ, ಬಸ್ ನಿಲ್ದಾಣದಲ್ಲಿ ನಿಂತಿರ್ತಾರೆ ಸರ್" ಅಂದೆ.

ನಿಂತಿರು.

ಬಾಲ